ಗೆದ್ದಾಗ ಕೇಳದ ಪ್ರಶ್ನೆ

ನಾಸಿಕ್ ಜಿಲ್ಲೆಯ ಮತದಾರರು 2024ರಲ್ಲಿ ಸರಿಯಾಗಿ ಆರು ತಿಂಗಳ ಅಂತರದಲ್ಲಿ ಎರಡು ಸಲ ಮತಗಟ್ಟೆಗೆ ಹೋದರು. ಮೇ 20ಕ್ಕೆ ಲೋಕಸಭೆಗೆ, ನವೆಂಬರ್ 20ಕ್ಕೆ ವಿಧಾನಸಭೆಗೆ. ಜಿಲ್ಲೆ ಹಂಚಿಹೋಗಿರುವ ಮೂರು ಲೋಕಸಭಾ ಕ್ಷೇತ್ರಗಳು ನಾಸಿಕ್, ದಿಂಡೋರಿ, ಮತ್ತು ಮಾಲೇಗಾಂವ್ ಭಾಗವನ್ನು ಒಳಗೊಂಡ ಧುಳೆ. ಮೊದಲ ಸಲ ಈ ಮೂರೂ ಕಾಂಗ್ರೆಸ್ ಇರುವ ಮಹಾವಿಕಾಸ ಆಘಾಡಿಯ ಪಾಲಾದವು. ಎರಡನೆಯ ಸಲ ಜಿಲ್ಲೆಯ 15 ವಿಧಾನಸಭಾ ಕ್ಷೇತ್ರಗಳಲ್ಲಿ 14 ಬಿಜೆಪಿ ಇರುವ ಮಹಾಯುತಿಗೆ ಹೋದವು, ಉಳಿದ ಒಂದು ಓವೈಸಿಯವರ ಎಂಐಎಂ ಪಕ್ಷಕ್ಕೆ. ಆಘಾಡಿಗೆ ಒಂದೂ ಇಲ್ಲ. ಅದೇ ಊರು, ಅದೇ ಮತದಾರರು, ಅದೇ ಮತಯಂತ್ರ.

ಜೂನ್ 4ರ ಸಂಜೆ ಟಿವಿಯಲ್ಲಿ ಒಂದು ಬಣದವರು ಹೇಳಿದ್ದು ಇಷ್ಟು: ಪಕ್ಷ ಒಡೆದವರಿಗೆ ಮಹಾರಾಷ್ಟ್ರದ ಜನ ಪಾಠ ಕಲಿಸಿದ್ದಾರೆ, ನಮ್ಮ ಮತದಾರ ಪ್ರಬುದ್ಧ. ಸೋತವರು ಹೇಳಿದ್ದು: ಸಂವಿಧಾನ ಬದಲಿಸುತ್ತಾರೆ ಎಂಬ ಸುಳ್ಳು ಹಬ್ಬಿಸಿ ಜನರ ದಾರಿ ತಪ್ಪಿಸಿದರು. ನವೆಂಬರ್ 23ರ ಸಂಜೆಯೂ ಬಾಯಿಗಳು ಅವೇ ಇದ್ದವು, ಸಂಭಾಷಣೆ ಮಾತ್ರ ಅದಲುಬದಲಾಗಿತ್ತು. ಜನರನ್ನು ಪ್ರಬುದ್ಧರೆಂದು ಕೊಂಡಾಡಿದ್ದವರು ಈಗ ಹೆಂಗಸರು ಒಂದೂವರೆ ಸಾವಿರ ರೂಪಾಯಿಗೆ ಮತ ಮಾರಿಕೊಂಡರು ಎಂದರು. ಜನ ಮೋಸ ಹೋದರು ಎಂದಿದ್ದವರಿಗೆ ಈಗ ಅದೇ ಜನ ಜನಾರ್ದನರಾಗಿ ಕಂಡರು. ರಾಜಕಾರಣಿಗಳ ಬಾಯಲ್ಲಿ ಇಂಥ ಮಾತು ಬಂದರೆ ಆಶ್ಚರ್ಯವಿಲ್ಲ, ಅದು ಅವರ ಹೊಟ್ಟೆಪಾಡು. ಆದರೆ ಟಿಕೆಟ್ಟೂ ಇಲ್ಲದ, ಮಂತ್ರಿಗಿರಿಯೂ ಬೇಡದ ನಾವು, ಅಂದರೆ ಓದಿಕೊಂಡವರು, ವಿಚಾರವಂತರೆಂದು ಕರೆಸಿಕೊಳ್ಳುವವರು, ಅದೇ ಸಂಭಾಷಣೆಯನ್ನು ಉರು ಹೊಡೆದು ಒಪ್ಪಿಸುತ್ತೇವಲ್ಲ, ಅದನ್ನು ಸ್ವಲ್ಪ ನಿಂತು ನೋಡಬೇಕು ಅನ್ನಿಸುತ್ತದೆ.

ಮೊದಲು ಲೆಕ್ಕ. ಲೋಕಸಭೆ ಚುನಾವಣೆಯಲ್ಲಿ ಮಹಾರಾಷ್ಟ್ರದ 48 ಸ್ಥಾನಗಳಲ್ಲಿ ಆಘಾಡಿಗೆ 30, ಮಹಾಯುತಿಗೆ 17, ಸಾಂಗ್ಲಿಯಲ್ಲಿ ಒಬ್ಬ ಪಕ್ಷೇತರ. ಕೇಳಿದರೆ ಭಾರೀ ಅಲೆ ಎದ್ದಂತೆ ಕಾಣುತ್ತದೆ. ಮತಪ್ರಮಾಣ ತೆಗೆದು ನೋಡಿದರೆ ಎರಡೂ ಬಣಗಳು ಶೇ. 43ಕ್ಕೂ 44ಕ್ಕೂ ನಡುವೆಯೇ ಇವೆ, ನಡುವಿನ ಅಂತರ ಶೇಕಡಾ ಅರ್ಧವೂ ಇಲ್ಲ. ನೂರು ಜನರ ಸಾಲಿನಲ್ಲಿ ಒಬ್ಬನೂ ಆ ಕಡೆ ಈ ಕಡೆ ಸರಿಯದೆ ಹೋದದ್ದನ್ನು ನಾವು ಜನಕ್ರಾಂತಿ ಎಂದು ಓದಿದೆವು. ನವೆಂಬರಿನಲ್ಲಿ ಮಹಾಯುತಿಗೆ ಹೆಚ್ಚುಕಡಿಮೆ ಅರ್ಧದಷ್ಟು ಮತ ಬಿತ್ತು, ಆಘಾಡಿ ಶೇ. 35ರ ಆಸುಪಾಸಿಗೆ ಇಳಿಯಿತು. ಈ ಸಲ ಅಂತರ ನಿಜವಾಗಿಯೂ ದೊಡ್ಡದು. ಆದರೂ ಸ್ಥಾನಗಳ ಲೆಕ್ಕದಲ್ಲಿ ಅದು 288ರಲ್ಲಿ ಮೂರು ದೊಡ್ಡ ಪಕ್ಷಗಳಿಗೇ 230 ಆಗಿ ಉಬ್ಬಿತು. ಆಘಾಡಿಗೆ ಮತ ಹಾಕಿದ ಆ ಮೂವತ್ತೈದು ಮಂದಿ ಎಲ್ಲಿಗೂ ಓಡಿಹೋಗಿಲ್ಲ. ಅದೇ ಬೀದಿಯಲ್ಲಿದ್ದಾರೆ, ಅದೇ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಾರೆ. ಫಲಿತಾಂಶ ಬಂದ ಮರುದಿನದ ಪತ್ರಿಕೆಯಲ್ಲಿ ಮಾತ್ರ ಅವರು ಕಾಣಲಿಲ್ಲ.

ಛತ್ರಪತಿ ಸಂಭಾಜಿನಗರದವರಿಗೆ ಈ ಪಾಠ 2019ರಲ್ಲೇ ಸಿಕ್ಕಿತ್ತು. ಆಗ ಊರಿನ ಹೆಸರು ಔರಂಗಾಬಾದ್. ನಾಲ್ಕು ಸಲ ಗೆದ್ದಿದ್ದ ಶಿವಸೇನೆಯ ಚಂದ್ರಕಾಂತ ಖೈರೆ ಅವರನ್ನು ಎಂಐಎಂನ ಇಮ್ತಿಯಾಜ್ ಜಲೀಲ್ 4,492 ಮತಗಳಿಂದ ಸೋಲಿಸಿದರು. ಊರು ಕೈತಪ್ಪಿತು ಎಂದು ಒಬ್ಬರು, ಊರು ನಮ್ಮದಾಯಿತು ಎಂದು ಇನ್ನೊಬ್ಬರು. ಅದೇ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಂತಿದ್ದ ಹರ್ಷವರ್ಧನ ಜಾಧವ್ 2.8 ಲಕ್ಷಕ್ಕೂ ಹೆಚ್ಚು ಮತ ಎಳೆದುಕೊಂಡಿದ್ದರು ಎಂಬುದು ಇಬ್ಬರಿಗೂ ಮುಖ್ಯವಾಗಲಿಲ್ಲ. ಮೂವರ ನಡುವೆ ಮತ ಹೇಗೆ ಹರಿದುಹೋಯಿತು ಎಂಬ ಅಂಕಗಣಿತವನ್ನು ಧರ್ಮಯುದ್ಧವೆಂದು ಓದಿದರು. ಐದು ವರ್ಷ ಬಿಟ್ಟು ಜಲೀಲ್ ಸೋತರು. ಮತ್ತೆ ವಿಧಾನಸಭೆಗೆ ಔರಂಗಾಬಾದ್ ಪೂರ್ವದಲ್ಲಿ ನಿಂತು 2,161 ಮತಗಳಿಂದ ಸೋತರು. ಅದೇ ಜಿಲ್ಲೆಯ ಸಿಲ್ಲೋಡ್‌ನಲ್ಲಿ ಮಹಾಯುತಿಯಲ್ಲಿದ್ದ ಶಿಂದೆ ಬಣದ ಶಿವಸೇನೆಯ ಬಿಲ್ಲುಬಾಣದ ಗುರುತಿಗೆ ಮತ ಹಾಕಿ ಅಬ್ದುಲ್ ಸತ್ತಾರ್ ಅವರನ್ನು ಗೆಲ್ಲಿಸಿದರು. ಈ ಎರಡು ಫಲಿತಾಂಶಗಳನ್ನು ಒಂದೇ ವಾಕ್ಯದಲ್ಲಿ ವಿವರಿಸಬಲ್ಲ ಪಂಡಿತನನ್ನು ನಾನಂತೂ ಕಂಡಿಲ್ಲ.

ಈರುಳ್ಳಿಯ ಕತೆ ಇದಕ್ಕಿಂತ ತಿಳಿಯಾದದ್ದು. ಲಾಸಲಗಾಂವ್ ಮಾರುಕಟ್ಟೆಗೆ ಹರಾಜಿನ ಹೊತ್ತಿಗೆ ಹೋದರೆ ಟ್ರ್ಯಾಕ್ಟರ್ ಟ್ರೇಲರುಗಳು ಸಾಲುಗಟ್ಟಿ ನಿಂತಿರುತ್ತವೆ. ವ್ಯಾಪಾರಿಗಳ ಗುಂಪು ಒಂದು ಟ್ರೇಲರಿನಿಂದ ಇನ್ನೊಂದಕ್ಕೆ ಸರಿಯುತ್ತಾ ಹೋಗುತ್ತದೆ. ಒಬ್ಬ ಬೊಗಸೆಯಲ್ಲಿ ನಾಲ್ಕು ಗಡ್ಡೆ ಎತ್ತಿ ಸಿಪ್ಪೆ ಉಜ್ಜಿ ನೋಡುತ್ತಾನೆ, ಕ್ವಿಂಟಲಿಗೆ ಇಷ್ಟು ಎಂದು ಕೂಗುತ್ತಾನೆ, ಇನ್ನೊಬ್ಬ ಹತ್ತು ರೂಪಾಯಿ ಏರಿಸುತ್ತಾನೆ, ಒಂದೆರಡು ನಿಮಿಷದಲ್ಲಿ ಚೀಟಿ ಬರೆದು ರೈತನ ಕೈಗೆ ಕೊಟ್ಟು ಮುಂದಕ್ಕೆ ನಡೆಯುತ್ತಾರೆ. ನಾಲ್ಕು ತಿಂಗಳ ದುಡಿಮೆಯ ಬೆಲೆ ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ. ರೈತ ಆ ಚೀಟಿಯನ್ನು ಎರಡು ಸಲ ಓದುತ್ತಾನೆ, ಏನೂ ಹೇಳುವುದಿಲ್ಲ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತಿಗೆ ಶೇ. 40 ಸುಂಕ ಹಾಕಿತು. ಡಿಸೆಂಬರಿನಲ್ಲಿ ರಫ್ತನ್ನೇ ನಿಷೇಧಿಸಿತು. 2024ರ ಏಪ್ರಿಲಿನಲ್ಲಿ, ಚುನಾವಣೆ ನಡೆಯುತ್ತಿರುವಾಗಲೇ, ಗುಜರಾತಿನ ಎರಡು ಸಾವಿರ ಟನ್ ಬಿಳಿ ಈರುಳ್ಳಿಗೆ ಅನುಮತಿ ಕೊಟ್ಟಿತು. ನಾಸಿಕದ ಕೆಂಪು ಈರುಳ್ಳಿ ಬೆಳೆಯುವವನಿಗೆ ಇದು ಹೇಗೆ ಕೇಳಿಸಿರಬೇಕು? ಮೇ ಮೊದಲ ವಾರದಲ್ಲಿ ನಿಷೇಧ ತೆಗೆದರು, ಆದರೆ ಸುಂಕವೂ ಕನಿಷ್ಠ ರಫ್ತು ದರವೂ ಉಳಿದವು. ದಿಂಡೋರಿಯಲ್ಲಿ ಕೇಂದ್ರದ ಆರೋಗ್ಯ ರಾಜ್ಯ ಸಚಿವೆ ಭಾರತಿ ಪವಾರ್ ಸೋತರು.

ಸೆಪ್ಟೆಂಬರಿನಲ್ಲಿ ಕನಿಷ್ಠ ದರ ರದ್ದಾಯಿತು, ಸುಂಕ ಅರ್ಧಕ್ಕೆ ಇಳಿಯಿತು, ನವೆಂಬರಿನ ಹೊತ್ತಿಗೆ ಬೆಲೆಯೂ ಏರಿತ್ತು. ಮತ ತಿರುಗಿತು. ರೈತ ಏಟು ಕೊಟ್ಟ, ಸರ್ಕಾರ ಬಗ್ಗಿತು, ರೈತ ಕೈ ಇಳಿಸಿದ. ಪ್ರಜಾಪ್ರಭುತ್ವ ಕೆಲಸ ಮಾಡಬೇಕಾದ್ದೇ ಹೀಗೆ ಅಲ್ಲವೇ? ಇದರಲ್ಲಿ ಮೂರ್ಖತನ ಎಲ್ಲಿದೆ, ಮಾರಾಟ ಎಲ್ಲಿದೆ? ಹೀಗೆ ಹೇಳಿ ಖುಷಿಪಡುವ ಹೊತ್ತಿಗೆ ಪಕ್ಕದ ಮರಾಠವಾಡ ನನ್ನ ವಿವರಣೆಯನ್ನು ಕೆಡಿಸುತ್ತದೆ. ಅಲ್ಲಿನ ಬೆಳೆ ಸೋಯಾಬೀನ್. ಆ ವರ್ಷ ಬೆಂಬಲ ಬೆಲೆ ಕ್ವಿಂಟಲಿಗೆ 4,892 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅಷ್ಟು ಸಿಗುತ್ತಿರಲಿಲ್ಲ. ಈರುಳ್ಳಿಯ ತರ್ಕ ನಿಜವಾದರೆ ಸೋಯಾಬೀನ್ ಬೆಳೆದವನು ಮತ್ತೆ ಏಟು ಕೊಡಬೇಕಿತ್ತು. ಕೊಡಲಿಲ್ಲ. ಲೋಕಸಭೆಯಲ್ಲಿ ಎಂಟರಲ್ಲಿ ಏಳು ಸ್ಥಾನಗಳನ್ನು ಆಘಾಡಿಗೆ ಕೊಟ್ಟಿದ್ದ ಮರಾಠವಾಡ ವಿಧಾನಸಭೆಯಲ್ಲಿ ಮಹಾಯುತಿಯನ್ನು ಎತ್ತಿ ಹಿಡಿಯಿತು, ಸಂಭಾಜಿನಗರ ಜಿಲ್ಲೆಯ ಒಂಬತ್ತಕ್ಕೆ ಒಂಬತ್ತೂ. ಹೊಟ್ಟೆಯ ತರ್ಕವೊಂದರಿಂದಲೇ ಜನ ಮತ ಹಾಕುತ್ತಾರೆ ಎಂದುಕೊಳ್ಳುವುದೂ ಒಂದು ಬಗೆಯ ಅಸಡ್ಡೆಯೇ.

ದಿಂಡೋರಿಯಲ್ಲಿ ಇನ್ನೊಂದು ತಮಾಷೆ ನಡೆಯಿತು. ಗೆದ್ದ ಭಾಸ್ಕರ ಭಗರೆ ಶಾಲಾ ಶಿಕ್ಷಕರು, ಶರದ್ ಪವಾರ್ ಪಕ್ಷದವರು, ಗುರುತು ತುತಾರಿ ಊದುವ ಮನುಷ್ಯ. ಅದೇ ಅಡ್ಡಹೆಸರಿನ ಬಾಬು ಭಗರೆ ಎಂಬ ಪಕ್ಷೇತರರಿಗೂ ಕಹಳೆಯ ಗುರುತೇ ಸಿಕ್ಕಿತ್ತು. ಮರಾಠಿಯಲ್ಲಿ ಅದನ್ನೂ ತುತಾರಿ ಎಂದೇ ಬರೆದಿದ್ದರು. ಹೆಚ್ಚು ಪ್ರಚಾರವೂ ಇಲ್ಲದ ಅವರಿಗೆ ಒಂದು ಲಕ್ಷದ ಮೂರು ಸಾವಿರಕ್ಕೂ ಹೆಚ್ಚು ಮತ ಬಿದ್ದವು! ಸಾತಾರದಲ್ಲಿ ಇಂಥದೇ ಕಹಳೆ ಅಭ್ಯರ್ಥಿ ಪಡೆದ ಮತ ಶರದ್ ಪವಾರ್ ಪಕ್ಷದ ಸೋಲಿನ ಅಂತರಕ್ಕಿಂತಲೂ ಹೆಚ್ಚಾಗಿತ್ತು. ಜನಾದೇಶ ಎಂದು ನಾವು ಗಂಭೀರವಾಗಿ ಓದುವ ಅಂಕಿಗಳ ಒಳಗೆ ಲಕ್ಷಗಟ್ಟಲೆ ಕೈತಪ್ಪುಗಳೂ ಇವೆ. ಮತದಾರನ ಮನಸ್ಸಿನ ಒಳಗೆ ಹೊಕ್ಕು ಬಂದವರಂತೆ ಮಾತಾಡುವ ಮುನ್ನ ಆ ಒಂದು ಲಕ್ಷವನ್ನು ನೆನೆಯುವುದು ಒಳ್ಳೆಯದು.

ಈಗ ಕಹಿಯಾದ ಮಾತಿಗೆ ಬರೋಣ. ಧುಳೆಯಲ್ಲಿ ಕಾಂಗ್ರೆಸ್ಸಿನ ಶೋಭಾ ಬಚ್ಛಾವ್ 3,831 ಮತಗಳಿಂದ ಗೆದ್ದರು. ಆರು ವಿಧಾನಸಭಾ ಭಾಗಗಳಲ್ಲಿ ಐದರಲ್ಲಿ ಬಿಜೆಪಿಯ ಸುಭಾಷ್ ಭಾಮರೆ ಮುಂದಿದ್ದರು. ಆ ಐದರ ಮುನ್ನಡೆಯನ್ನೆಲ್ಲ ಮಾಲೇಗಾಂವ್ ಮಧ್ಯ ಎಂಬ ಒಂದೇ ಭಾಗ ಅಳಿಸಿಹಾಕಿತು. ಅಲ್ಲಿ ಮುಸ್ಲಿಮರೇ ಹೆಚ್ಚು, ಬಹುಪಾಲು ಮಗ್ಗದ ಕೆಲಸದವರು. 'ವೋಟ್ ಜಿಹಾದ್' ಎಂಬ ಮಾತು ಹರಿದಾಡಿತು, ರಾಜ್ಯದ ಉಪಮುಖ್ಯಮಂತ್ರಿಯ ಭಾಷಣದಲ್ಲೂ ಬಂತು. ಒಂದು ಸಮುದಾಯ ಒಟ್ಟಾಗಿ ಮತ ಹಾಕಿದ್ದು ಸತ್ಯ. ಹಾಗೆ ಹಾಕುವುದು ಒಳ್ಳೆಯದೇ ಎಂದು ಕೇಳಿದರೆ ನನ್ನ ಉತ್ತರ ಅಲ್ಲ ಎಂದೇ. ಆದರೆ ಅದೇ ವರ್ಷ ಜಾಲನಾದಲ್ಲಿ, ಬೀಡದಲ್ಲಿ ಮರಾಠರು ಒಟ್ಟಾಗಿ ಮತ ಹಾಕಿದ್ದಕ್ಕೆ ಯಾರೂ ಯುದ್ಧದ ಹೆಸರು ಇಡಲಿಲ್ಲ, ಮರಾಠ ಮೀಸಲಾತಿ ಹೋರಾಟದ ಮುಂದಾಳು ಮನೋಜ್ ಜರಾಂಗೆ ಹೆಸರಿನಲ್ಲಿ ಅದು 'ಜರಾಂಗೆ ಫ್ಯಾಕ್ಟರ್' ಆಯಿತು. ಲಿಂಗಾಯತರು, ಒಕ್ಕಲಿಗರು ಒಂದು ಕಡೆ ವಾಲಿದರೆ ನಮ್ಮ ಕನ್ನಡ ಪತ್ರಿಕೆಗಳು ಅದನ್ನು 'ಸಮೀಕರಣ' ಎನ್ನುತ್ತವೆ. ಒಂದೇ ಕ್ರಿಯೆಗೆ ಮಾಡಿದವನ ಜಾತಿ ನೋಡಿ ಬೇರೆ ಬೇರೆ ಹೆಸರು.

ಆರು ತಿಂಗಳ ಬಳಿಕ ಅದೇ ಮಾಲೇಗಾಂವ್ ಮಧ್ಯದಲ್ಲಿ ಏನಾಯಿತು? ಕಾಂಗ್ರೆಸ್ಸಿಗೆ ಠೇವಣಿಗೂ ಸಾಲುವಷ್ಟು ಮತ ಬೀಳಲಿಲ್ಲ. ಎಂಐಎಂನ ಮುಫ್ತಿ ಮೊಹಮ್ಮದ್ ಇಸ್ಮಾಯಿಲ್ ಮತ್ತು ಹೊಸ ಪಕ್ಷ ಕಟ್ಟಿ ನಿಂತ ಆಸಿಫ್ ಶೇಖ್ ನಡುವೆ ಮತ ನೆಟ್ಟಗೆ ಎರಡು ಹೋಳಾಯಿತು. ಇಬ್ಬರಿಗೂ ಒಂದು ಲಕ್ಷ ಒಂಬತ್ತು ಸಾವಿರ ಚಿಲ್ಲರೆ, ಗೆಲುವಿನ ಅಂತರ ಕೇವಲ 162. ಒಬ್ಬ ಮೌಲ್ವಿ ಹೇಳಿದರೆ ಊರಿಗೆ ಊರೇ ಒಂದೇ ಗುಂಡಿ ಒತ್ತುತ್ತದೆ ಎಂಬ ಸಿದ್ಧಾಂತ ಇಲ್ಲಿ ನಿಲ್ಲುವುದಿಲ್ಲ. ಭಯ ಇದ್ದಾಗ ಒಟ್ಟಾದರು, ಭಯ ಇಲ್ಲದ ಕಡೆ ನಲ್ಲಿ-ಚರಂಡಿ, ಮನೆತನದ ಹಗೆ, ಸ್ಥಳೀಯ ಸಿಟ್ಟು ನೋಡಿ ಬೇರೆಯಾದರು. ನಮ್ಮ ನಿಮ್ಮ ಹಾಗೆಯೇ. ಈ 162ನ್ನು ಯಾವ ನಾಯಕನೂ ಭಾಷಣದಲ್ಲಿ ಎತ್ತಿಕೊಳ್ಳಲಿಲ್ಲ, ಯಾರ ಕತೆಗೂ ಅದು ಒಗ್ಗುವುದಿಲ್ಲವಲ್ಲ.

ಒಂದೂವರೆ ಸಾವಿರದ ವಿಷಯದಲ್ಲಿ ಕನ್ನಡದ ಓದುಗರು ತಮ್ಮನ್ನೇ ಪರೀಕ್ಷಿಸಿಕೊಳ್ಳಬಹುದು. ಮಹಾರಾಷ್ಟ್ರದಲ್ಲಿ 'ಲಾಡಕಿ ಬಹೀಣ್', ಹೆಂಗಸರ ಖಾತೆಗೆ ತಿಂಗಳಿಗೆ 1,500. ಕರ್ನಾಟಕದಲ್ಲಿ ಅದಕ್ಕೂ ಒಂದು ವರ್ಷ ಮೊದಲೇ, 2023ರ ಆಗಸ್ಟಿನಲ್ಲಿ ಶುರುವಾದ 'ಗೃಹಲಕ್ಷ್ಮಿ', ತಿಂಗಳಿಗೆ 2,000. ಒಂದನ್ನು ತಂದದ್ದು ಬಿಜೆಪಿ ಇದ್ದ ಸರ್ಕಾರ, ಇನ್ನೊಂದನ್ನು ಕಾಂಗ್ರೆಸ್ ಸರ್ಕಾರ. ಗೃಹಲಕ್ಷ್ಮಿಯ ಬಗ್ಗೆ ಹೆಣ್ಣಿನ ಘನತೆ, ಕೈಯಲ್ಲಿ ನಾಲ್ಕು ಕಾಸು, ಅತ್ತೆಯ ಮುಂದೆ ಕೈಚಾಚದ ಸ್ವಾತಂತ್ರ್ಯ ಎಂದು ಲೇಖನ ಬರೆದ ಕೆಲವರೇ ಲಾಡಕಿ ಬಹೀಣ್‌ಗೆ ಲಂಚ ಎಂದರು. ಗೃಹಲಕ್ಷ್ಮಿಯನ್ನು ಬಿಟ್ಟಿಭಾಗ್ಯ ಎಂದು ಗೇಲಿ ಮಾಡಿದ ಕೆಲವರೇ ಲಾಡಕಿ ಬಹೀಣ್ ಮಾತೃಶಕ್ತಿಯ ಆಶೀರ್ವಾದ ಎಂದರು. ಇನ್ನು ಆಘಾಡಿಯೂ ತಾನು ಗೆದ್ದರೆ ಮೂರು ಸಾವಿರ ಕೊಡುತ್ತೇನೆಂದು ಪ್ರಣಾಳಿಕೆಯಲ್ಲಿ ಬರೆದಿತ್ತು, ಅದನ್ನು ನೆನಪಿಸಿದರೆ ಮಾತು ಬೇರೆ ಕಡೆ ಹೊರಳುತ್ತದೆ. ದುಡ್ಡು ಖಾತೆಗೆ ಬಿದ್ದ ಕಾಲ ಚುನಾವಣೆಗೆ ಹತ್ತಿರವಿತ್ತು ಎಂಬ ಟೀಕೆ ಸರಿಯಾದದ್ದೇ, ಅದನ್ನು ಸರ್ಕಾರದ ಮೇಲೆ ಮಾಡಿ. ಖಾತೆಗೆ ಬಂದ ಹಣದಲ್ಲಿ ಮಗಳ ಫೀಸು ಕಟ್ಟಿ, ಅದನ್ನು ನೆನೆದು ಮತ ಹಾಕಿದ ಹೆಂಗಸನ್ನು ಮಾರಿಕೊಂಡವಳು ಎನ್ನುವ ಹಕ್ಕು, ತೆರಿಗೆ ವಿನಾಯಿತಿ ನೋಡಿ ಮತ ಹಾಕುವ ನಮಗೆ ಯಾರು ಕೊಟ್ಟರು?

ಈ ಮಾತುಗಳು ಟಿವಿಯಲ್ಲೇ ನಿಲ್ಲುವುದಿಲ್ಲ. ನಾಸಿಕದ ಮುಂಬೈ ನಾಕಾ ಕಡೆ ಒಂದು ಉಡುಪಿ ಹೋಟೆಲಿದೆ. ಯಜಮಾನರು ಕುಂದಾಪುರದ ಕಡೆಯವರು, ಮಿಸಳ್ ತಿನ್ನುವ ಊರಿನಲ್ಲಿ ಇಡ್ಲಿ ಮಾರಿ ಮಕ್ಕಳನ್ನು ಓದಿಸಿದವರು. ನಾನು ಹೋದಾಗ ಗಲ್ಲಾದ ಮೇಲಿನ ಟಿವಿಯಲ್ಲಿ ಹಳೆಯ ಕ್ರಿಕೆಟ್ ಪಂದ್ಯವೊಂದು ಓಡುತ್ತಿತ್ತು. ಸುದ್ದಿ ಹಾಕುವುದಿಲ್ಲವೇ ಎಂದೆ. "ಸುದ್ದಿ ಹಾಕಿದ್ರೆ ಟೇಬಲ್ ಎರಡಾಗ್ತದೆ ಮಾರಾಯ್ರೆ. ಒಂದು ಟೇಬಲಿನವರು ಎದ್ದು ಹೋದ್ರೆ ಬಿಲ್ಲು ಯಾರು ಕೊಡೋದು?" ಎಂದರು. ನಕ್ಕೆವು. ಆಮೇಲೆ ಅವರೇ ದನಿ ತಗ್ಗಿಸಿ, ಹತ್ತಾರು ವರ್ಷದಿಂದ ಬೆಳಿಗ್ಗೆ ಒಟ್ಟಿಗೆ ಬಂದು ಕಾಫಿ ಕುಡಿಯುತ್ತಿದ್ದ ಇಬ್ಬರು ಈಗ ಬೇರೆ ಬೇರೆ ಹೊತ್ತಿಗೆ ಬರುತ್ತಾರೆ ಎಂದರು. "ಒಬ್ರು ಮರಾಠ, ಒಬ್ರು ಮಾಳಿ. ಜಗಳ ಎಂತದೂ ಆಗ್ಲಿಲ್ಲ. ಸುಮ್ನೆ ಹೊತ್ತು ಬದ್ಲಾಯ್ತು."

ಮರಾಠರಿಗೂ ಮಾಳಿಯಂಥ ಹಿಂದುಳಿದ ಜಾತಿಗಳಿಗೂ ನಡುವಿನ ಈ ಬಿರುಕು ಮರಾಠವಾಡದ ಹಳ್ಳಿಗಳಲ್ಲಿ ಹೊತ್ತು ಬದಲಾಗುವುದಕ್ಕೇ ನಿಲ್ಲಲಿಲ್ಲ. ಅಲ್ಲಿ ಮರಾಠ ಮೀಸಲಾತಿಯ ಹೋರಾಟ 2023ರ ಸೆಪ್ಟೆಂಬರಿನ ಲಾಠಿ ಪ್ರಹಾರದ ನಂತರ ಕಾವೇರಿತ್ತು. ಜಾಲನಾ ಜಿಲ್ಲೆಯ ಅಂತರವಾಲಿ ಸರಾಟಿಯಲ್ಲಿ ಮನೋಜ್ ಜರಾಂಗೆ ಉಪವಾಸ ಕೂತರೆ, ಅಲ್ಲಿಗೆ ಹತ್ತಿರದ ವಡಿಗೋದ್ರಿಯಲ್ಲಿ ಹಿಂದುಳಿದ ವರ್ಗಗಳ ಪರವಾಗಿ ಲಕ್ಷ್ಮಣ ಹಾಕೆ ಉಪವಾಸ ಕೂತರು. ಬೀಡದಲ್ಲಿ ಹಿಂದುಳಿದ ವರ್ಗದ ಬಿಜೆಪಿ ನಾಯಕಿ ಪಂಕಜಾ ಮುಂಡೆ 6,553 ಮತಗಳಿಂದ ಮರಾಠ ಅಭ್ಯರ್ಥಿ ಬಜರಂಗ ಸೋನವಣೆಗೆ ಸೋತರು. ಆ ಸೋಲು ತಾಳಲಾರದೆ ಕೆಲವು ಅಭಿಮಾನಿಗಳು ಪ್ರಾಣ ಕಳೆದುಕೊಂಡರು, ಹಾಗೆ ಮಾಡಬೇಡಿ ಎಂದು ಪಂಕಜಾ ಅವರೇ ಬೇಡಿಕೊಳ್ಳಬೇಕಾಯಿತು. ಆ ಜಾತಿಯವನ ಅಂಗಡಿಗೆ ಹೋಗಬೇಡಿ, ಈ ಜಾತಿಯವನ ಹೋಟೆಲಿನಲ್ಲಿ ಚಹಾ ಕುಡಿಯಬೇಡಿ ಎಂಬ ಬಹಿಷ್ಕಾರದ ಸಂದೇಶಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ಸುಮಾರು ಏಳು ಲಕ್ಷ ಜನ ಆ ಕಡೆ, ಸುಮಾರು ಏಳು ಲಕ್ಷ ಜನ ಈ ಕಡೆ ಮತ ಹಾಕಿದ ಕ್ಷೇತ್ರವದು. ಮೂರು ಸಾವಿರದ ಮುನ್ನೂರು ಮತ ಅತ್ತ ಸರಿದಿದ್ದರೆ ಗೆಲುವಿನ ಗುಲಾಲು ಇನ್ನೊಂದು ಓಣಿಯಲ್ಲಿ ಹಾರುತ್ತಿತ್ತು. ಬಹಿಷ್ಕಾರವೂ ಇನ್ನೊಂದು ಓಣಿಯಿಂದ ಹೊರಡುತ್ತಿತ್ತೇನೋ.

ಈ ನೆಲಕ್ಕೆ ಇದು ಹೊಸದಲ್ಲ. ನಮ್ಮ ಕಲಬುರಗಿ, ಬೀದರ, ರಾಯಚೂರುಗಳ ಜೊತೆ ಒಂದೇ ನಿಜಾಮನ ಆಳ್ವಿಕೆಯಲ್ಲಿದ್ದ ನಾಡು ಮರಾಠವಾಡ, ಸೆಪ್ಟೆಂಬರ್ 17 ಇಬ್ಬರಿಗೂ ವಿಮೋಚನೆಯ ದಿನ. ಔರಂಗಾಬಾದಿನಲ್ಲಿ ಮಿಲಿಂದ ಕಾಲೇಜು ಕಟ್ಟಿದವರು ಅಂಬೇಡ್ಕರ್. ಅಲ್ಲಿನ ಮರಾಠವಾಡ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಬೇಕೆಂದು 1978ರ ಜುಲೈ 27ರಂದು ರಾಜ್ಯದ ವಿಧಾನಮಂಡಲ ನಿರ್ಣಯ ಮಾಡಿತು. ನಿರ್ಣಯ ಹೊರಬಿದ್ದ ಬೆನ್ನಿಗೇ ಹಳ್ಳಿ ಹಳ್ಳಿಗಳಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು. ಕೊಲೆಗಳಾದವು, ಸಾವಿರಾರು ಜನ ಊರು ಬಿಟ್ಟರು. ಮುಂಬಯಿಯಲ್ಲಿ ಆದ ನಿರ್ಣಯವನ್ನು ಸಹಿಸದವನು ಮುಂಬಯಿಗೆ ಹೋಗಿ ಜಗಳವಾಡಲಿಲ್ಲ, ತನ್ನ ಊರಿನ ಅಂಚಿನಲ್ಲಿದ್ದ, ಆ ನಿರ್ಣಯದಲ್ಲಿ ಯಾವ ಪಾತ್ರವೂ ಇಲ್ಲದ ಮನೆಯ ಮೇಲೆ ಸೇಡು ತೀರಿಸಿಕೊಂಡ. ಹದಿನಾರು ವರ್ಷ ಎಳೆದಾಡಿ 1994ರ ಜನವರಿ 14ರಂದು ಎರಡೂ ಹೆಸರು ಉಳಿಸಿ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡ ವಿಶ್ವವಿದ್ಯಾಲಯ ಎಂದಾಯಿತು. ಈ ನಡುದಾರಿ ಆಗ ಎರಡೂ ಕಡೆಯ ಅನೇಕರಿಗೆ ರುಚಿಸಲಿಲ್ಲ. ಈಗ ಎಲ್ಲ ಜಾತಿಯ ಹುಡುಗರೂ 'ಬಾಮು' ಎಂದು ಚುಟುಕಾಗಿ ಕರೆದು ಅಲ್ಲೇ ಪರೀಕ್ಷೆ ಬರೆಯುತ್ತಾರೆ.

ರಾಜಕೀಯದ ಸಿಟ್ಟು ಅಧಿಕಾರವಿದ್ದ ಕಡೆಗೆ ಹರಿಯದೆ ಅಕ್ಕಪಕ್ಕದ ದುರ್ಬಲನ ಮೇಲೆ ಹರಿಯುವುದು ಅಮೆರಿಕದಲ್ಲೂ ಕಂಡಿದೆ. 2022ರ ಮಧ್ಯಾವಧಿ ಚುನಾವಣೆಗೆ ಹನ್ನೊಂದು ದಿನ ಮುಂಚೆ ಸ್ಪೀಕರ್ ನ್ಯಾನ್ಸಿ ಪೆಲೋಸಿಯವರನ್ನು ಹುಡುಕಿಕೊಂಡು ಮನೆಗೆ ನುಗ್ಗಿದವನು ಮನೆಯಲ್ಲಿದ್ದ ಎಂಬತ್ತೆರಡರ ಗಂಡನ ತಲೆಗೆ ಸುತ್ತಿಗೆಯಿಂದ ಹೊಡೆದ. ಆ ಚುನಾವಣೆಯಲ್ಲಿ ರಿಪಬ್ಲಿಕನ್ನರ ದೊಡ್ಡ ಅಲೆ ಬರುತ್ತದೆಂದು ಎಲ್ಲರೂ ಹೇಳಿದ್ದರು, ಬರಲಿಲ್ಲ. ಕೆಳಮನೆಯಲ್ಲಿ 222ಕ್ಕೆ 213, ಅಷ್ಟೆ.  ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಜಾರ್ಜಿಯಾ ರಾಜ್ಯದಲ್ಲಿ ಚುನಾವಣೆಯ ಹೊಣೆ ಹೊತ್ತಿದ್ದ ಬ್ರ್ಯಾಡ್ ರಾಫೆನ್‌ಸ್ಪರ್ಗರ್ ಎಂಬ ಅಧಿಕಾರಿಯ ಕತೆ. 2020ರಲ್ಲಿ ಅವರ ಸ್ವಂತ ಪಕ್ಷದ ಟ್ರಂಪ್ ಅಲ್ಲಿ ಹನ್ನೆರಡು ಸಾವಿರಕ್ಕೂ ಕಡಿಮೆ ಮತಗಳಿಂದ ಸೋತಾಗ, ಐವತ್ತು ಲಕ್ಷದಷ್ಟು ಕಾಗದದ ಮತಗಳನ್ನು ಕೈಯಿಂದಲೇ ಮತ್ತೆ ಎಣಿಸಿದರು. ಫಲಿತಾಂಶ ಬದಲಾಗಲಿಲ್ಲ. ಗೆಲ್ಲಲು ಬೇಕಾದಷ್ಟು ಮತ ಹುಡುಕಿಕೊಡಿ ಎಂದು ಅಧ್ಯಕ್ಷರೇ ಫೋನ್ ಮಾಡಿದರೂ ಅವರು ಒಪ್ಪಲಿಲ್ಲ. 2022ರಲ್ಲಿ ಅದೇ ರಾಜ್ಯದ ಮತದಾರರು, ಮೊದಲು ಅವರ ಪಕ್ಷದವರು, ಆಮೇಲೆ ಎಲ್ಲರೂ, ಅವರನ್ನೇ ಮತ್ತೆ ಆರಿಸಿದರು. ಎಣಿಸಿದ್ದರಿಂದ ಎಲ್ಲರ ಅನುಮಾನ ಹೋಯಿತೆಂದಲ್ಲ. ಸಾಕಷ್ಟು ಜನರದ್ದು ಹೋಯಿತು.

ಮಹಾರಾಷ್ಟ್ರದಲ್ಲಿ ನವೆಂಬರಿನ ಸೋಲಿನ ನಂತರ ಎದ್ದ ಅನುಮಾನಗಳನ್ನು ಹೇಗೆ ನೋಡಬೇಕು? ಇಲ್ಲಿ ನನಗೆ ನೆನಪಾಗುವುದು ಪುಣೆಯಲ್ಲಿ 2008ರಲ್ಲಿ ನಡೆದ ಒಂದು ಪರೀಕ್ಷೆ. ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್, ನರೇಂದ್ರ ದಾಭೋಳಕರರ ಅಂಧಶ್ರದ್ಧಾ ನಿರ್ಮೂಲನ ಸಮಿತಿಯ ನೆರವಿನಿಂದ, ಜ್ಯೋತಿಷಿಗಳಿಗೆ ಜಾತಕಗಳನ್ನು ಕೊಟ್ಟು ಇವುಗಳಲ್ಲಿ ಚುರುಕು ಮಕ್ಕಳವು ಯಾವುವು, ಬುದ್ಧಿಮಾಂದ್ಯ ಮಕ್ಕಳವು ಯಾವುವು ಹೇಳಿ ಎಂದರು. 27 ಜ್ಯೋತಿಷಿಗಳು ತಲಾ 40 ಜಾತಕ ನೋಡಿ ಉತ್ತರ ಕೊಟ್ಟರು. ಸರಿಯಾದದ್ದು ಶೇ. 46, ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು. ನಾನು ಇಲ್ಲಿ ಮೆಚ್ಚುವುದು ಫಲಿತಾಂಶವನ್ನಲ್ಲ, ಎಷ್ಟು ಸರಿಬಂದರೆ ಗೆಲುವು, ಎಷ್ಟು ಬಂದರೆ ಸೋಲು ಎಂದು ಮೊದಲೇ ಗೊತ್ತುಮಾಡಿಕೊಂಡದ್ದನ್ನು. ನಮ್ಮ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದಾಗ ಕೇಳಿದ್ದೂ ಇದನ್ನೇ, ಷರತ್ತು ಮೊದಲು, ಪವಾಡ ಆಮೇಲೆ. ನಮ್ಮ ಚುನಾವಣೆಯ ಅನುಮಾನಕ್ಕೆ ಇಂಥ ಷರತ್ತು ಇಲ್ಲ. ಜೂನಿನಲ್ಲಿ ಮತಯಂತ್ರ ಚೆನ್ನಾಗಿತ್ತು, ನವೆಂಬರಿನಲ್ಲಿ ಕೆಟ್ಟಿತು, ನಡುವೆ ಆಗಿದ್ದು ನಮ್ಮ ಸೋಲು ಮಾತ್ರ.

ಹಾಗೆಂದು ಕೇಳಿದ ಪ್ರಶ್ನೆಗಳೆಲ್ಲ ಹುಸಿಯಲ್ಲ. ಎರಡು ಚುನಾವಣೆಗಳ ನಡುವೆ ಮತದಾರರ ಪಟ್ಟಿಗೆ ನಿವ್ವಳ ನಲವತ್ತು ಲಕ್ಷದಷ್ಟು ಹೆಸರು ಹೇಗೆ ಸೇರಿತು ಎಂದು ಕೇಳಿದರೆ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಲು ಬರುವ ಹಾಗೆ ಕೊಡುವುದು ಉತ್ತರ. ಸಂಜೆ ಐದಕ್ಕೆ ಶೇ. 58 ಇದ್ದ ಮತದಾನ ಕೊನೆಗೆ 66 ಆದದ್ದಕ್ಕೆ ಆಯೋಗ ಕೊಟ್ಟ ವಿವರಣೆ ನನಗೆ ಒಪ್ಪುವಂಥದೇ: ಸಾಲಿನಲ್ಲಿ ನಿಂತವರು, ತಡವಾಗಿ ಬಂದ ಅಂಕಿಗಳು. ಆದರೆ ಅದೇ ಡಿಸೆಂಬರಿನಲ್ಲಿ ಮತಗಟ್ಟೆಯ ಸಿಸಿಟಿವಿ ದೃಶ್ಯದಂಥವು ಸಾರ್ವಜನಿಕರ ಕೈಗೆ ಸಿಗದಂತೆ ಕೇಂದ್ರ ಸರ್ಕಾರ ನಿಯಮವನ್ನೇ ತಿದ್ದಿತಲ್ಲ, ಅದಕ್ಕೆ ಯಾವ ವಿವರಣೆಯೂ ಸಾಲದು. ಉತ್ತರ ಇರುವವನು ಬಾಗಿಲು ಹಾಕಿಕೊಳ್ಳುವುದೇಕೆ? ಮತ ಹಾಕಿದಾಗ ಏಳು ಸೆಕೆಂಡು ಗಾಜಿನ ಹಿಂದೆ ಕಂಡು ಪೆಟ್ಟಿಗೆಗೆ ಬೀಳುವ ವಿವಿಪ್ಯಾಟ್ ಚೀಟಿಗಳಿವೆ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳದ್ದನ್ನು ಮಾತ್ರ ಎಣಿಸುತ್ತಾರೆ. ಮಹಾರಾಷ್ಟ್ರದಲ್ಲಿ ಹಾಗೆ ಎಣಿಸಿದ 1,440 ಪೆಟ್ಟಿಗೆಗಳೂ ಯಂತ್ರದೊಂದಿಗೆ ತಾಳೆಯಾದವು ಎಂದು ಆಯೋಗ ಹೇಳಿತು. ನನಗೆ ಆ ಅಂಕಿಯಲ್ಲಿ ನಂಬಿಕೆಯಿದೆ. ನಂಬಿಕೆಯಿರುವುದರಿಂದಲೇ ಇನ್ನಷ್ಟು ಎಣಿಸಲು ಹೆದರಿಕೆ ಏಕೆ ಎಂದು ಕೇಳುತ್ತೇನೆ.

ನವೆಂಬರಿನ ಫಲಿತಾಂಶ ಬಂದ ವಾರದೊಳಗೇ ಪುಣೆಯ ಫುಲೆ ವಾಡೆಯಲ್ಲಿ ತೊಂಬತ್ತು ದಾಟಿದ ಬಾಬಾ ಆಢಾವ್ ಉಪವಾಸ ಕೂತರು. ಹಮಾಲರ ಸಂಘ ಕಟ್ಟಿದವರು, ದಲಿತರಿಗೂ ಸವರ್ಣೀಯರಿಗೂ ಊರಿಗೊಂದೇ ನೀರಿನ ಜಾಗ ಇರಬೇಕೆಂದು ಹಳ್ಳಿಹಳ್ಳಿ ತಿರುಗಿದವರು. ಯಂತ್ರದ ಮೇಲಿನ ಅವರ ಅನುಮಾನ ನನ್ನದಲ್ಲ, ಚುನಾವಣೆಯಲ್ಲಿ ಹರಿದ ಹಣದ ಬಗೆಗಿನ ಸಂಕಟ ನನ್ನದೂ ಹೌದು. ಅವರನ್ನು ಸೋತವರ ಏಜೆಂಟ್ ಎಂದು ಹಂಗಿಸಿದವರಿಗೆ ಅವರ ಬದುಕಿನ ಒಂದು ಪುಟವೂ ಗೊತ್ತಿರಲಿಕ್ಕಿಲ್ಲ.

ಇನ್ನು ಮಾರಕಡವಾಡಿ. ನಮ್ಮ ಅಕ್ಕಲಕೋಟೆ ಇರುವ ಸೊಲ್ಲಾಪುರ ಜಿಲ್ಲೆಯದೇ ಮಾಳಶಿರಸ ತಾಲೂಕಿನ ಹಳ್ಳಿ. ಕ್ಷೇತ್ರವನ್ನು ಗೆದ್ದವರು ಶರದ್ ಪವಾರ್ ಪಕ್ಷದ ಉತ್ತಮ ಜಾನಕರ್, ಹದಿಮೂರು ಸಾವಿರ ಮತಗಳ ಅಂತರದಿಂದ. ಮಾರಕಡವಾಡಿಯಲ್ಲಿ ಮಾತ್ರ ಅವರಿಗೆ 843, ಬಿಜೆಪಿಯ ರಾಮ ಸಾತಪುತೆ ಅವರಿಗೆ 1,003. ನಮ್ಮೂರಿನಲ್ಲಿ ಹೀಗಾಗಲು ಸಾಧ್ಯವೇ ಇಲ್ಲ ಎಂದು ಜಾನಕರ್ ಪರದ ಹಳ್ಳಿಗರು ತಾವೇ ಮತಪತ್ರ ಅಚ್ಚು ಹಾಕಿಸಿ ಡಿಸೆಂಬರ್ 3ಕ್ಕೆ ಮರುಮತದಾನ ಇಟ್ಟುಕೊಂಡರು. ಆಡಳಿತ ನಿಷೇಧಾಜ್ಞೆ ಹೇರಿತು, ಪೊಲೀಸರು ತುಂಬಿಕೊಂಡರು, ಮತದಾನ ನಿಂತಿತು, ಕೇಸುಗಳು ಬಿದ್ದವು. ಆ ಮತದಾನ ನಡೆದಿದ್ದರೂ ಏನೂ ಸಾಬೀತಾಗುತ್ತಿರಲಿಲ್ಲ. ಊರಿನ ಮುಖಂಡರು ಪೆಟ್ಟಿಗೆಯ ಪಕ್ಕ ನಿಂತಿರುವಾಗ ಸಾತಪುತೆಗೆ ಹಾಕಿದ್ದ ಸಾವಿರ ಮಂದಿಯಲ್ಲಿ ಎಷ್ಟು ಜನ ಧೈರ್ಯ ಮಾಡಿ ಬರುತ್ತಿದ್ದರು? ಗೆದ್ದ ಶಾಸಕರೇ ಯಂತ್ರವನ್ನು ಅನುಮಾನಿಸಿದ್ದು ಅಪರೂಪವೆಂದು ಆಗ ಹೊಗಳಿದವರಿದ್ದಾರೆ. ಆದರೆ ಮರುಮತದಾನಕ್ಕೆ ಆರಿಸಿಕೊಂಡದ್ದು ಅವರು ಹಿಂದೆ ಬಿದ್ದ ಊರನ್ನು. ಹದಿಮೂರು ಸಾವಿರದ ಮುನ್ನಡೆ ಕೊಟ್ಟ ಉಳಿದ ಊರುಗಳ ಯಂತ್ರಗಳೂ ಅದೇ ಬಗೆಯವು.

ಇಷ್ಟೆಲ್ಲ ಇದ್ದರೂ ಆ ಹಳ್ಳಿಗರ ಪ್ರಶ್ನೆಗೆ ಒಂದು ಸರಳ ಉತ್ತರ ಇತ್ತು. ಇಬ್ಬರು ಅಭ್ಯರ್ಥಿಗಳದ್ದೂ ಸೇರಿಸಿದರೆ 1,846 ಮತ, ಉಳಿದ ಚಿಲ್ಲರೆ ಹಿಡಿದರೂ ಎರಡು ಸಾವಿರದ ಸುಮಾರಿಗೆ ಚೀಟಿಗಳು, ಸೀಲಾದ ಪೆಟ್ಟಿಗೆಗಳಲ್ಲಿ ಸುರಕ್ಷಿತವಾಗಿದ್ದವು. ಎರಡೂ ಕಡೆಯ ಏಜೆಂಟರನ್ನು ಕೂರಿಸಿಕೊಂಡು ತಹಶೀಲ್ದಾರ ಕಚೇರಿಯ ಎರಡು ಮೇಜಿನ ಮೇಲೆ ಸುರಿದು ಎಣಿಸಿದ್ದರೆ ಮಧ್ಯಾಹ್ನದ ಊಟದೊಳಗೆ ಮುಗಿಯುತ್ತಿತ್ತು. ಊರಿನವರು ಕೇಳಿದರೆಂದು ಹಾಗೆ ಪೆಟ್ಟಿಗೆ ತೆರೆಯಲು ಈಗಿನ ನಿಯಮದಲ್ಲಿ ಅವಕಾಶವಿಲ್ಲ. ನಿಯಮ ತಿದ್ದುವ ಅಧಿಕಾರ ಇರುವುದು ಗೆದ್ದವರ ಕೈಯಲ್ಲಿ.